ಜೋಳಿಗೆ ಕೊಲ್ಲಿಗೆ ಕಲ್ಲು ತುಂಬುವ ಮುನ್ನ

"ಅ... ಅ... ಕೇಳಿಸ್ತಾ ಇದ್ಯಾ? ಕೇಳಿಸ್ತಿಲ್ಲ ಅಂದ್ರೆ ಹೇಳ್ರಪ್ಪಾ."

ಸಾಲ್ಮೆ ದ್ವೀಪದ ಮುಖ್ಯಸ್ಥ ಚುನ್ಬೆಯ ಕೈಗೆ ಮೈಕು ಸಿಕ್ಕಿತೆಂದರೆ ಊರಿಗೆ ಬೆಳಗಾಯಿತೆಂದೇ ಲೆಕ್ಕ. ಕೇಳಿಸದವರು ಹೇಗೆ ಹೇಳಬೇಕು ಎಂದು ಇಷ್ಟು ವರ್ಷಗಳಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ. ಕೇಳಿದ್ದರೆ ಪುಣ್ಯಾತ್ಮ ಅದಕ್ಕೂ ಮೈಕಿನಲ್ಲೇ ಉತ್ತರ ಕೊಡುತ್ತಿದ್ದ.

"ಇವತ್ತು ಊಟಕ್ಕೆ ಮುಂಚೆ ಎಲ್ರೂ ಊರ ಭವನಕ್ಕೆ ಬನ್ನಿ. ಬಂದರಿನ ನಕ್ಷೆ ಬಂದಿದೆ. ನೀರೂ ಬಂದಿದೆ. ಅಂದ್ರೆ, ನೀರು ಬಂದಿಲ್ಲ, ನೀರಿನ ಪೈಪಿನ ನಕ್ಷೆ ಬಂದಿದೆ. ಬಕೆಟ್ ಹಿಡ್ಕೊಂಡು ಓಡ್ಬರಬೇಡಿ."

ಮಲ್ಸೂನ್ ಆಗ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಮೊದಲು ತೊಳೆದ ನೀರು ಸಾರಿಗೆ. ಎರಡನೆಯದು ಕೆಂಪು ರಬ್ಬರ್ ತೊಟ್ಟಿಗೆ. ಅದರಲ್ಲಿ ಪಾತ್ರೆ, ಆಮೇಲೆ ಕೈಕಾಲು, ಆಮೇಲೆ ನೆಲ ಒರೆಸುವ ಬಟ್ಟೆ, ಕೊನೆಗೆ ಉಳಿದದ್ದು ಹಿತ್ತಲಿನ ಮೆಣಸಿನ ಗಿಡಕ್ಕೆ. ಇದನ್ನು ಸಾಲ್ಮೆಯ ಹೆಣ್ಣುಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಮೈಕಿನ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಕೈಯಿಂದ ಪಾತ್ರೆ ಜಾರಿ ನೀರು ಅಕ್ಕಿ ಎಲ್ಲ ನೆಲದ ಪಾಲಾಯಿತು. ಬೇರೆ ದಿನವಾಗಿದ್ದರೆ ತನ್ನ ಕೈಗೆ ತಾನೇ ಶಾಪ ಹಾಕಿಕೊಳ್ಳುತ್ತಿದ್ದಳು. ಅಂದು ಮಾತ್ರ ಹರಿದುಹೋಗುವ ನೀರನ್ನು ನೋಡಿಕೊಂಡು ನಕ್ಕುಬಿಟ್ಟಳು.

ನಗದೆ ಏನು ಮಾಡಬೇಕು ಹೇಳಿ! ಮೀನುಗಾರರ ಸಂಘದ ಅಧ್ಯಕ್ಷೆ ಅನ್ನಿಸಿಕೊಂಡ ದಿನದಿಂದ ಅವಳು ಈ ಬಂದರಿಗಾಗಿ ಆಚೆ ದಡದ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಮಂಡಿ ಸವೆಸಿಕೊಂಡಿದ್ದಳು. ದ್ವೀಪದಲ್ಲಿ ಬಾವಿ ಇಲ್ಲವೆಂದಲ್ಲ, ಇದ್ದವೆಲ್ಲ ಉಪ್ಪು. ಕುಡಿಯುವ ನೀರನ್ನು ಹಡಗು ತರಬೇಕು. ಬೇಸಿಗೆಯಲ್ಲಿ ಹೇಗೋ ತರುತ್ತದೆ. ಚಳಿಗಾಲದಲ್ಲಿ ಬಡಗಣ ಗಾಳಿ ಎದ್ದಿತೋ, ಹಳೆಯ ಕಟ್ಟೆಯ ಹತ್ತಿರವೂ ಸುಳಿಯುವುದಿಲ್ಲ. ದೂರದಲ್ಲೇ ನಿಂತು ಒಮ್ಮೆ ಕೂಗಿ, ಹೊಟ್ಟೆ ತುಂಬ ನೀರಿಟ್ಟುಕೊಂಡು ಹಾಗೇ ತಿರುಗಿ ಹೋಗುತ್ತದೆ. ದಡದಲ್ಲಿ ನಿಂತವರು ಬಾಯಿ ಬಾಯಿ ಬಿಡಬೇಕು. ಬಡಗಣ ಗಾಳಿಯಲ್ಲೂ ಹಡಗು ನಿಲ್ಲುವಂಥ ಒಂದು ಕಟ್ಟೆ ಕೊಡಿ, ಕಡಲಡಿಯಿಂದ ಒಂದು ನೀರಿನ ಪೈಪು ಕೊಡಿ ಎಂದು ಮಲ್ಸೂನ್ ಕೇಳದ ಅಧಿಕಾರಿಯಿಲ್ಲ. ಅವಳು ಬರುತ್ತಿದ್ದಾಳೆಂದು ಗೊತ್ತಾದರೆ ಹಿಂಬಾಗಿಲಿನಿಂದ ಊಟಕ್ಕೆ ಹೋಗಿಬಿಡುವ ಸಾಹೇಬರೂ ಇದ್ದರು. ಆಗ ಅವಳು ಹಿಂಬಾಗಿಲಲ್ಲೇ ಕಾಯತೊಡಗಿದಳು.

ಅಡಿಯಿಂದ ಕಾಯಿಸಿದ ಊರ ಭವನದ ನೆಲ ಬೆಚ್ಚಗಿತ್ತು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು, ನಡುವೆ ಹಾಸಿದ ದೊಡ್ಡ ನಕ್ಷೆ. ಅದರ ನಾಲ್ಕು ಮೂಲೆ ಮಡಚಿಕೊಳ್ಳದಂತೆ ಕಾಫಿ ಲೋಟಗಳನ್ನು ಇಟ್ಟಿದ್ದರು. ಜಿಲ್ಲಾ ಕಚೇರಿಯಿಂದ ಬಂದ ಇಂಜಿನಿಯರ್ ಹ್ಯೆರಿನ್ ಇನ್ನೂ ಎಳೆಯ ಹುಡುಗಿ. ಈ ಊರಿಗೆ ಹೊಸಬಳು. ಪಾಪ, ಸಂತೋಷದಿಂದಲೇ ಬೆರಳಿಟ್ಟು ತೋರಿಸಿದಳು.

"ಇಲ್ನೋಡಿ, ಈ ಜೋಳಿಗೆ ಕೊಲ್ಲಿ ಇದ್ಯಲ್ಲ, ಮೂರು ಕಡೆ ಗುಡ್ಡ. ಬಡಗಣ ಗಾಳಿ ಇಲ್ಲಿಗೆ ತಾಕೋದೇ ಇಲ್ಲ. ಇದನ್ನ ಪೂರ್ತಿ ಕಲ್ಲು ಹಾಕಿ ತುಂಬ್ತೀವಿ. ಅದರ ಮೇಲೆ ಕಟ್ಟೆ, ನೀರಿನ ಟ್ಯಾಂಕು. ದೊಡ್ಡ ಹಡಗು ಇದರ ಬಾಯಲ್ಲೇ ಬಂದು ನಿಲ್ಲುತ್ತೆ. ವರ್ಷ ಪೂರ್ತಿ."

ಗಂಡಸರ ಕಡೆಯಿಂದ ಚಪ್ಪಾಳೆ ಎದ್ದಿತು. ಎದ್ದದ್ದು ಅರ್ಧಕ್ಕೇ ನಿಂತಿತು. ಒಬ್ಬರನ್ನು ನೋಡಿ ಒಬ್ಬರು ಕೈ ಇಳಿಸಿದರು. ಆಮೇಲೆ ಎಲ್ಲರೂ ಮಲ್ಸೂನಳನ್ನು ನೋಡಿದರು.

ಕಟ್ಟೆ ಕೊಲ್ಲಿಯ ಬಾಯಲ್ಲಿ ಬರುತ್ತದೆ, ಪಕ್ಕದಲ್ಲಿ ಬರುತ್ತದೆ ಎಂದೆಲ್ಲ ಅವಳು ಲೆಕ್ಕ ಹಾಕಿದ್ದಳು. ಕೊಲ್ಲಿಯೇ ಇಲ್ಲವಾಗುತ್ತದೆ ಎಂದು ಅವಳ ತಲೆಗೆ ಹೊಳೆದಿರಲಿಲ್ಲ.

"ಚೆನ್ನಾಗಿದೆ ಕಣಮ್ಮಾ. ಯಾಕ್ರೋ ಚಪ್ಪಾಳೆ ನಿಲ್ಲಿಸಿದ್ರಿ? ಕೈ ಬಿದ್ದುಹೋದ್ವಾ?" ಎಂದು ತಾನೇ ಜೋರಾಗಿ ಚಪ್ಪಾಳೆ ತಟ್ಟಿದಳು. ಬೇರೆ ಯಾರೂ ತಟ್ಟಲಿಲ್ಲ.

ಹ್ಯೆರಿನ್ ಮುಖ ಪೆಚ್ಚಾಯಿತು. ಅವಳಿಗೇನು ಗೊತ್ತು? ಆ ಕೊಲ್ಲಿಯ ತಳದಲ್ಲಿ ಮಲ್ಸೂನಳ ಗಂಡ ಇದ್ದ.

ಅದು ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಆ ಚಳಿಗಾಲದಲ್ಲಿ ನೀರಿನ ಹಡಗು ಬಂದು ಬಂದು ತಿರುಗಿ ಹೋಗುತ್ತಿತ್ತು. ಊರಿನಲ್ಲಿ ಮಕ್ಕಳಿಗೆ ಗಂಜಿ ಕಾಯಿಸಲೂ ನೀರಿಲ್ಲ. ದೂಮನ್ ತನ್ನ ಪುಟ್ಟ ದೋಣಿಯಲ್ಲಿ ಖಾಲಿ ಕ್ಯಾನುಗಳನ್ನು ತುಂಬಿಕೊಂಡು ಆಚೆ ದಡಕ್ಕೆ ಹೋದ. ಹೋಗುವಾಗ ಕಡಲು ಕನ್ನಡಿ. ಬರುವಾಗ ಬಡಗಣ ಗಾಳಿ. ಭಾರದ ದೋಣಿ ಹೊರಗಿನ ಅಲೆಗಳಲ್ಲಿ ಅರ್ಧ ನೀರು ತುಂಬಿಕೊಂಡೇ ಕೊಲ್ಲಿಯ ಬಾಯಿಯವರೆಗೂ ಬಂತು. ದಡದಲ್ಲಿ ನಿಂತ ಇಡೀ ಊರು ನೋಡುತ್ತಿದ್ದಂತೆಯೇ ಮಗುಚಿತು. ಅವನು ಮೇಲೆ ಬರಲಿಲ್ಲ. ಕ್ಯಾನುಗಳು ಬಂದವು. ಸಿಹಿನೀರು ಉಪ್ಪುನೀರಿಗಿಂತ ಹಗುರವಲ್ಲವೇ, ಬಿಳಿಯ ಕ್ಯಾನುಗಳು ತಲೆಯಷ್ಟನ್ನೇ ಹೊರಗಿಟ್ಟುಕೊಂಡು ಒಂದರ ಹಿಂದೊಂದು ದಡಕ್ಕೆ ಬಂದು ತಾಗಿದವು. ಒಂದರ ಮುಚ್ಚಳವೂ ಸಡಿಲವಾಗಿರಲಿಲ್ಲ.

ಆ ನೀರನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಬಾಯಿ ಒಣಗಿದವರೆಲ್ಲ ಕ್ಯಾನುಗಳ ಸುತ್ತ ನಿಂತು ನೆಲ ನೋಡುತ್ತಿದ್ದರು. ಕೊನೆಗೆ ಮಲ್ಸೂನ್ ತಾನೇ ಮುಚ್ಚಳ ತಿರುಗಿಸಿದಳು, ಆ ನೀರಿನಲ್ಲೇ ಅನ್ನ ಬೇಯಿಸಿದಳು, ಸಮಾಧಾನ ಹೇಳಲು ಬಂದವರಿಗೆಲ್ಲ ಬಡಿಸಿದಳು. "ತಿನ್ನಿ. ನಿಮಗೋಸ್ಕರಾನೇ ತಂದಿದ್ದು," ಎಂದಳು. ಅಂದು ಆ ಅನ್ನ ತಿಂದವರು ಯಾರೂ ಅದನ್ನು ಮರೆತಿಲ್ಲ, ಮರೆಯುವಂಥದ್ದೂ ಅಲ್ಲ.

ಕಡಲಿನಲ್ಲಿ ಹೋದವರ ದೇಹ ಸಿಗದಿದ್ದರೆ ಜೀವವನ್ನಾದರೂ ನೀರಿನಿಂದ ಮೇಲೆತ್ತಿ, ಮಣ್ಣಿಗೆ ಸೇರಿಸಿ, ಹೋಗಬೇಕಾದ ಕಡೆಗೆ ಕಳಿಸಿಕೊಡುವುದು ಇಲ್ಲಿಯ ರೂಢಿ. ಅದಕ್ಕೆ ಸತ್ತವರೊಡನೆ ಮಾತಾಡಬಲ್ಲ ಮುದಂಗ್ ಅಜ್ಜಿಯನ್ನು ಕರೆಸಬೇಕು. ಊರವರು ಹೇಳಿ ಹೇಳಿ ಸೋತರು. ಮಲ್ಸೂನ್ ಒಪ್ಪಲಿಲ್ಲ. "ನೀರಲ್ಲಿ ಅವನಿಗೆ ಚಳಿ ಆಗಲ್ವೇನೇ?" ಎಂದು ಅಜ್ಜಿಯೇ ಬಂದು ಗದರಿಸಿದಾಗ, "ಚಳಿಯಾದ್ರೆ ಅವರೇ ಎದ್ದು ಬರ್ಲಿ, ಮನೆ ಎಲ್ಲಿದೆ ಅಂತ ಗೊತ್ತಿಲ್ವಾ?" ಎಂದು ಬಾಗಿಲು ಹಾಕಿಕೊಂಡಿದ್ದಳು. ನಿಜ ಹೇಳಬೇಕೆಂದರೆ, ಮೇಲೆತ್ತಿದರೆ ಕಳಿಸಬೇಕಾಗುತ್ತದೆ ಎನ್ನುವುದೇ ಅವಳ ಭಯ. ಮಕ್ಕಳಿಲ್ಲ ಮರಿಯಿಲ್ಲ. ಇದ್ದವನು ಅವನೊಬ್ಬ. ಈಗ ಊರಿನ ಕೆಳಗೇ ಇದ್ದಾನೆ, ಕೂಗಿದರೆ ಕೇಳಿಸುವಷ್ಟು ಹತ್ತಿರ. ಅವನನ್ನೂ ಕಳಿಸಿಬಿಟ್ಟರೆ ಅವಳಿಗೆ ಉಳಿಯುವುದೇನು?

ಅಂದು ಸಭೆ ಮುಗಿದ ಮೇಲೆ ಅವಳು ನೇರವಾಗಿ ಕೊಲ್ಲಿಗೇ ಹೋದಳು. ನೀರಿಳಿದ ಹೊತ್ತು. ಬಂಡೆಗೆ ಅಂಟಿದ ಚಿಪ್ಪುಗಳನ್ನು ಕೊಕ್ಕೆಯಿಂದ ಕಿತ್ತು ಬುಟ್ಟಿಗೆ ಹಾಕುವುದು, ಮಾತಾಡುವುದು, ದಿನವೂ ಅದೇ. ಯಾರ ಮನೆಯಲ್ಲಿ ಜಗಳ, ಯಾರ ಬಲೆ ಹರಿಯಿತು, ಚುನ್ಬೆ ಮೈಕಿನಲ್ಲಿ ಏನು ಕಿರುಚಿದ, ಎಲ್ಲವನ್ನೂ ದೂಮನ್‌ಗೆ ಒಪ್ಪಿಸದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

"ರೀ, ಬಂದರು ಬಂತು," ಎಂದಳು. ಕಲ್ಲಿನ ಮಾತು ಎತ್ತದೆ ಇನ್ನೊಂದು ಚಿಪ್ಪು ಕಿತ್ತು ಬುಟ್ಟಿಗೆ ಹಾಕಿದಳು. ಅವಳಿಗೆ ಅವನು ಬೇಕಾಗಿತ್ತು. ಬಂದರೂ ಬೇಡ, ನೀರೂ ಬೇಡ, ಅವನು ಎದ್ದು ಬಂದು ಪಕ್ಕದಲ್ಲಿ ಕೂತು ಒದ್ದೆ ಸಾಕ್ಸ್ ಹಿಂಡುತ್ತ "ಏನಡುಗೆ ಇವತ್ತು?" ಎಂದು ಕೇಳಿದರೆ ಸಾಕಾಗಿತ್ತು. ಇಷ್ಟು ವರ್ಷವಾದರೂ ಆ ಆಸೆ ಒಂದಿಷ್ಟೂ ಸವೆದಿರಲಿಲ್ಲ. ಸವೆದದ್ದು ಮಂಡಿ ಮಾತ್ರ.

ವಾರ ಕಳೆಯಿತು. ಒಂದು ಬೆಳಗ್ಗೆ ಮೈಕು ಕೂಗಲಿಲ್ಲ, ಆದರೂ ಊರವರೆಲ್ಲ ಒಬ್ಬೊಬ್ಬರಾಗಿ ಭವನದ ಕಡೆಗೆ ನಡೆಯುತ್ತಿದ್ದರು. ಪಕ್ಕದ ಮನೆಯ ಗುಮ್ಜಾ ಕಳ್ಳ ಹೆಜ್ಜೆಯಲ್ಲಿ ಹೋಗುತ್ತಿದ್ದದ್ದು ಮಲ್ಸೂನಳ ಕಣ್ಣಿಗೆ ಬಿತ್ತು. ಇಬ್ಬರೂ ಒಟ್ಟಿಗೇ ಬೆಳೆದವರು. ಗುಮ್ಜಾಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದೆಂದರೆ ತೂತು ಬಿದ್ದ ಬಕೆಟ್ಟಿನಲ್ಲಿ ನೀರು ನಿಂತ ಹಾಗೆ.

"ಎಲ್ಲಿಗೆ ಹೊರಟೆ?"

"ಎಲ್ಲಿಗೂ ಇಲ್ಲ."

"ಎಲ್ಲಿಗೂ ಇಲ್ಲದೋಳು ಲಿಪ್‌ಸ್ಟಿಕ್ ಯಾಕೆ ಹಚ್ಕೊಂಡಿದ್ದೀಯ?"

"ಅಯ್ಯೋ ಮಾರಾಯ್ತಿ, ನಾನು ಹೇಳಿದೆ ಅಂತ ಹೇಳ್ಬೇಡ್ವೇ..." ಎಂದು ಗುಮ್ಜಾ ಎಲ್ಲವನ್ನೂ ಹೇಳಿಬಿಟ್ಟಳು.

ಮಲ್ಸೂನ್ ಭವನದ ಬಾಗಿಲು ಸರಿಸಿದಾಗ ನೆಲದ ಮೇಲೆ ಬೇರೆಯೇ ನಕ್ಷೆ ಇತ್ತು. ಕಟ್ಟೆ ಜೋಳಿಗೆ ಕೊಲ್ಲಿಯಲ್ಲಿ ಇರಲಿಲ್ಲ. ಮೂಡಣದ ಬಂಡೆತುದಿಗೆ ಹೋಗಿತ್ತು. ಹ್ಯೆರಿನ್ ಮಾತಾಡುತ್ತಿದ್ದಳು.

"ಮಾಡ್ಬಹುದು. ಆದ್ರೆ ನಾನು ಸುಳ್ಳು ಹೇಳಲ್ಲ. ಬಂಡೆತುದೀಲಿ ಬಡಗಣ ಗಾಳಿ ಎದ್ರೆ ಹಡಗು ನಿಲ್ಲಲ್ಲ. ಪೈಪು ಎಳೆಯೋಕೂ ಅಲ್ಲಿ ತಳ ಸರಿ ಇಲ್ಲ. ಟ್ಯಾಂಕು ಸಿಗುತ್ತೆ, ಅದನ್ನ ತುಂಬೋದು ಮಾತ್ರ ಈಗಿನ ಹಾಗೇ."

"ಸಾಕು ಬಿಡಮ್ಮ. ಚಳಿಗಾಲ ಏನು, ಕಣ್ಣು ಮುಚ್ಚಿ ಕಣ್ಣು ಬಿಡೋದ್ರಲ್ಲಿ ಹೋಗುತ್ತೆ. ನಮಗೆ ಅಭ್ಯಾಸ ಆಗಿದೆ. ಬಂಡೆತುದಿ ಬೇಕು ಅನ್ನೋರು ಕೈ ಎತ್ತಿ," ಎಂದ ಚುನ್ಬೆ.

ಎಲ್ಲ ಕೈಗಳೂ ಮೇಲೆದ್ದವು. ಹೆಂಗಸರ ಕಡೆಯಿಂದಲೂ ಎದ್ದವು. ಆಗ ಬಾಗಿಲಲ್ಲಿ ನಿಂತವಳನ್ನು ಯಾರೋ ನೋಡಿದರು. ಎತ್ತಿದ ಕೈಗಳನ್ನು ಇಳಿಸುವುದೋ ಬಿಡುವುದೋ ತಿಳಿಯದೆ ಎಲ್ಲರೂ ಹಾಗೇ ಕೂತರು.

ಮಲ್ಸೂನಳಿಗೆ ಅಳು ಉಕ್ಕಿ ಬಂತು. ಅವಳ ಬಾಯಿಂದ ಹೊರಟದ್ದು ಬೈಗುಳ.

"ನಾಚಿಕೆ ಆಗಲ್ವೇನ್ರೋ! ನಾನು ಬೇಡಿ ಬೇಡಿ ತಂದ ಬಂದರನ್ನ ಕಳ್ಳರ ಹಾಗೆ ಕೂತು ಹಾಳು ಮಾಡ್ತಿದ್ದೀರಾ?"

"ಅತ್ತಿಗೆ, ಕೂತ್ಕೊಳ್ಳಿ ಮೊದ್ಲು," ಎಂದ ಚುನ್ಬೆ. ಅವನು ದೂಮನ್‌ನ ಚಿಕ್ಕಪ್ಪನ ಮಗ. "ಕೋಪ ಮಾಡ್ಕೋಬೇಡಿ. ಅಣ್ಣ ತಂದ ನೀರು ಕುಡಿದ ಹೊಟ್ಟೆ ಇದು. ಅವನ ಮೇಲೆ ಕಲ್ಲು ಸುರಿ ಅಂತ ನಾನು ಹೆಂಗೆ ಕೈ ಎತ್ತಲಿ?"

"ಆ ಹೊಟ್ಟೆಗೆ ಇನ್ನೂ ಬುದ್ಧಿ ಬಂದಿಲ್ವಲ್ಲ!" ಮಲ್ಸೂನ್ ಗುಮ್ಜಾಳ ಕಡೆಗೆ ತಿರುಗಿದಳು. "ನೀನು ಹೇಳೇ. ಗಾಳಿ ಎದ್ದಾಗ ಈಗ ಕ್ಯಾನು ತುಂಬ್ಕೊಂಡು ಬರೋದು ಯಾರು?"

ಗುಮ್ಜಾ ತಲೆ ತಗ್ಗಿಸಿ ನಕ್ಷೆಯ ಅಂಚನ್ನು ನೇರ ಮಾಡತೊಡಗಿದಳು.

"ಹೇಳು, ಬಾಯಿಗೆ ಬೀಗ ಬಿತ್ತಾ?"

"ನನ್ನ ಮಗ."

"ಅವನು ವಾಪಸ್ ಬರೋವರೆಗೂ ನೀನು ಎಲ್ಲಿ ನಿಂತಿರ್ತೀಯ?"

ಗುಮ್ಜಾ ಮುಖ ಮುಚ್ಚಿಕೊಂಡಳು. ಕೊಲ್ಲಿಯ ದಡದಲ್ಲಿ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಲ್ಲುವುದನ್ನು ಅಲ್ಲಿದ್ದವರೆಲ್ಲ ನೋಡಿದ್ದರು.

"ನಾನೂ ಅಲ್ಲೇ ನಿಂತಿದ್ದೆ," ಎಂದಳು ಮಲ್ಸೂನ್. ದನಿ ಈಗ ಇಳಿದಿತ್ತು. "ನನ್ನ ಗಂಡನ್ನ ನಾನು ಇಟ್ಕೊಳ್ಳೋಕೆ ಇನ್ನೊಬ್ಬಳ ಮಗ ಆ ಗಾಳೀಲಿ ಬರ್ಬೇಕಾ? ಅವನಿಗೇನಾದ್ರೂ ಆದ್ರೆ ನಾನು ಇವಳ ಪಕ್ಕ ಹೆಂಗೆ ಕೂರ್ಲಿ? ಕೈ ಇಳ್ಸಿ. ಎಲ್ರೂ ಇಳ್ಸಿ. ಏ ಹುಡುಗಿ, ಆ ಮೊದಲಿನ ನಕ್ಷೆ ತೆಗಿ."

ಕೈಗಳು ಇಳಿದವು. ಮೊದಲಿನ ನಕ್ಷೆ ಹಾಸಿದರು. ಈ ಸಲ ಮೊದಲು ಕೈ ಎತ್ತಿದವಳು ಮಲ್ಸೂನೇ, ಆಮೇಲೆ ಉಳಿದವರು. ಕೆಲವರು ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಊರಿನವರು ತನ್ನ ಮಾತು ಮೀರಿದ್ದರೆ, ಹಟ ಹಿಡಿದಿದ್ದರೆ, "ಹೋಗತ್ತಾಗೆ, ನಮಗೆ ಬಂಡೆತುದಿಯೇ ಬೇಕು" ಎಂದು ಗದರಿದ್ದರೆ ಎಷ್ಟು ಚೆನ್ನಾಗಿತ್ತು! ಹಾಗೆ ಆಗಲಿ ಎಂದು ಅವಳ ಮನಸ್ಸಿನ ಒಂದು ಮೂಲೆ ಬೇಡಿಕೊಂಡದ್ದೂ ಸುಳ್ಳಲ್ಲ. ಯಾರೂ ಮೀರಲಿಲ್ಲ. ಅವಳು ಹೇಳಿದರೆ ಕೇಳುವ ಜನ, ಏನು ಮಾಡುವುದು?

ಕಲ್ಲು ಹೊತ್ತ ದೊಡ್ಡ ದೋಣಿಗಳು ವಸಂತಕ್ಕೆ ಬರುತ್ತವೆ ಎಂದಾಯಿತು. ಅದಕ್ಕೂ ಮುಂಚೆ, ಗಾಳಿಯಿಲ್ಲದ ಒಂದು ಬೆಳಗ್ಗೆ, ಮಲ್ಸೂನ್ ತಾನಾಗಿಯೇ ಮುದಂಗ್ ಅಜ್ಜಿಗೆ ಹೇಳಿ ಕಳಿಸಿದಳು.

ಅಜ್ಜಿಗೆ ಈಗ ನಡು ಬಗ್ಗಿತ್ತು, ನಾಲಿಗೆ ಮಾತ್ರ ಮೊದಲಿನ ಹಾಗೇ ಇತ್ತು. "ಇಷ್ಟು ದಿನ ನೀರಲ್ಲಿ ನೆನೆಸಿಟ್ಟು ಈಗ ಕರೀತಾಳಂತೆ," ಎಂದು ಗೊಣಗುತ್ತಲೇ ಕೊಲ್ಲಿಯ ಬಂಡೆಯ ಮೇಲೆ ಚಾಪೆ ಹಾಸಿ, ಹಣ್ಣು, ಒಣಮೀನು, ಅಕ್ಕಿಯ ಹೆಂಡ ಜೋಡಿಸಿದಳು. ಬಟ್ಟಲಿಗೆ ಅಕ್ಕಿ ತುಂಬಿ ಬಿಳಿ ಬಟ್ಟೆಯಲ್ಲಿ ಕಟ್ಟುವ ಕೆಲಸ ಮನೆಯವರದು. ಮಲ್ಸೂನ್ ಅಕ್ಕಿಯ ಮೇಲೆ ಬಗ್ಗಿ, ಒಂದೊಂದು ಕಲ್ಲನ್ನೂ ಆರಿಸಿ, ಎರಡೆರಡು ಗಂಟು ಹಾಕಿ ಕಟ್ಟಿದಳು. ಅಜ್ಜಿ ಅದಕ್ಕೆ ಉದ್ದನೆಯ ಹಗ್ಗ ಬಿಗಿದು ನೀರಿಗಿಳಿಸಿದಳು. ಬಟ್ಟಲನ್ನು ಮೇಲೆತ್ತಿ ಬಿಚ್ಚಿದಾಗ ಅಕ್ಕಿಯಲ್ಲಿ ಒಂದು ಕೂದಲೆಳೆ ಸಿಗಬೇಕು. ಸಿಕ್ಕರೆ ಹೋದವನು ಬಂದ ಎಂದು ಅರ್ಥ. ಅದನ್ನೇ ಗುಡ್ಡದ ಮೇಲೆ ಮಣ್ಣು ಮಾಡುತ್ತಾರೆ. ಸಿಗದಿದ್ದರೆ ಅವನು ಬರಲಿಲ್ಲ, ಅಲ್ಲೇ ಉಳಿದ. ಸ್ವಲ್ಪ ದಿನಕ್ಕೆ ಅವನ ಮೇಲೆ ಕಲ್ಲು ಬೀಳುತ್ತದೆ, ಅಷ್ಟೇ. ಊರಿಗೆ ಊರೇ ಹಿಂದೆ ನಿಂತಿತ್ತು.

"ಕೂಗು," ಎಂದಳು ಅಜ್ಜಿ.

"ರೀ," ಎಂದಳು ಮಲ್ಸೂನ್. "ರೀ, ಬನ್ನಿ."

ಹಗ್ಗ ಎಳೆದರು, ಗಂಟು ಬಿಚ್ಚಿದರು. ಅಜ್ಜಿ ಅಕ್ಕಿಯನ್ನು ಮೇಲೆ ಮೇಲೆ ಕೈಯಾಡಿಸಿ ನೋಡಿದಳು. ಏನೂ ಇರಲಿಲ್ಲ. ಅವಳು ಮತ್ತೆ ಬಟ್ಟೆ ಕಟ್ಟಿ ಮಲ್ಸೂನಳ ಭುಜಕ್ಕೆ ಒಂದು ಏಟು ಕೊಟ್ಟಳು.

"ಈ ಕಡಲಲ್ಲಿ ಎಷ್ಟು ಜನರ ಗಂಡಂದಿರು ಇದ್ದಾರೆ ಗೊತ್ತೇನೇ? ಬರೀ ರೀ ಅಂದ್ರೆ ಯಾರು ಅಂತ ಬರ್ಬೇಕು? ಹೆಸರು ಹಿಡಿದು ಕೂಗು."

ಮಲ್ಸೂನ್ ನೀರಿನ ಕಡೆ ಬಗ್ಗಿದಳು, ಬಾಯಿಗೆ ಮತ್ತೆ 'ರೀ' ಎಂದೇ ಬಂತು. ಮದುವೆಯಾದಂದಿನಿಂದ ಒಂದು ದಿನವೂ ಅವಳು ಆ ಹೆಸರನ್ನು ಬಾಯಲ್ಲಿ ಆಡಿರಲಿಲ್ಲ. ಮಕ್ಕಳಿದ್ದವರು ಮಗುವಿನ ಹೆಸರು ಹಿಡಿದು 'ಇಂಥವರ ಅಪ್ಪ' ಎಂದಾದರೂ ಕರೆಯುತ್ತಾರೆ. ಅವಳಿಗೆ ಅದೂ ಇರಲಿಲ್ಲ.

"ನಾನು ಕೂಗ್ಲೇನೇ?" ಎಂದಳು ಗುಮ್ಜಾ ಮೆಲ್ಲಗೆ.

"ನೀನ್ಯಾಕೆ ಕೂಗ್ತೀಯ? ನಿನ್ನ ಗಂಡನ್ನ ನೀನು ಕೂಗ್ಕೋ ಹೋಗು."

ಹಿಂದೆ ಯಾರೋ ಅಳುತ್ತಲೇ ನಕ್ಕರು. ಬಟ್ಟಲು ನೀರಿಗಿಳಿಯಿತು. ಮಲ್ಸೂನ್ ಹಗ್ಗವನ್ನು ತನ್ನ ಕೈಗೇ ತೆಗೆದುಕೊಂಡು ಬಂಡೆಯ ಅಂಚಿಗೆ ಹೋದಳು.

"ದೂಮನ್!" ಎಂದಳು. ಆ ದನಿ ಅವಳದೇ ಎಂದು ಅವಳಿಗೂ ಅನ್ನಿಸಲಿಲ್ಲ. ಈ ಸಲ ಮನೆತನದ ಹೆಸರನ್ನೂ ಸೇರಿಸಿ ಕೂಗಿದಳು. "ಗ್ವಾಕ್ ದೂಮನ್! ನಾನು, ಮಲ್ಸೂನ್. ಬಾ. ಇನ್ನು ಇಲ್ಲಿ ಇರೋಕಾಗಲ್ಲ, ಕಲ್ಲು ಹಾಕ್ತಾರೆ. ನಾನೇ ಹಾಕಿ ಅಂದೆ. ಬೈಯೋದಾದ್ರೆ ಮೇಲೆ ಬಂದು ಬೈಯಿ. ನಿನ್ನ ಬಿಟ್ಟಿರೋಕಾಗದೆ ಇಷ್ಟು ವರ್ಷ ಇಲ್ಲೇ ಇಟ್ಕೊಂಡಿದ್ದೆ, ತಪ್ಪು ತಿಳ್ಕೋಬೇಡ. ಬಾರೋ, ನನಗೋಸ್ಕರ ಬಾ."

ಗುಡ್ಡಗಳು ಆ ಹೆಸರನ್ನು ಒಂದಷ್ಟು ಹೊತ್ತು ತಮ್ಮಲ್ಲೇ ತಿರುಗಿಸಿದವು. ಅವಳೇ ಹಗ್ಗ ಎಳೆದಳು, ಯಾರಿಗೂ ಕೈ ಹಾಕಲು ಬಿಡಲಿಲ್ಲ. ಅಜ್ಜಿ ಗಂಟು ಬಿಚ್ಚಿದಳು. ಒದ್ದೆ ಅಕ್ಕಿಯನ್ನು ಬೆರಳಿನಿಂದ ಸರಿಸಿದಳು, ಇನ್ನೂ ಆಳಕ್ಕೆ ಸರಿಸಿದಳು, ನಿಂತಳು.

ಕೂದಲು ಇತ್ತು.

ಗುಮ್ಜಾ ಕತ್ತು ಚಾಚಿ ನೋಡಿದಳು. ನೋಡಿದವಳ ಮುಖದ ಬಣ್ಣ ಇಳಿಯಿತು. ದೂಮನ್ ಹೋದಾಗ ಅವನಿಗೆ ನಲವತ್ತೂ ತುಂಬಿರಲಿಲ್ಲ, ತಲೆಯ ತುಂಬ ಕಡುಗಪ್ಪು ನೆಟ್ಟ ಕೂದಲು. ಅಕ್ಕಿಯಲ್ಲಿದ್ದದ್ದು ಅಪ್ಪಟ ಬಿಳಿ. ಗಿಡ್ಡ, ಗುಂಗುರು. ಹೋದ ತಿಂಗಳಷ್ಟೇ ಆಚೆ ದಡದ ಅಂಗಡಿಯಲ್ಲಿ ಗುಮ್ಜಾ, ಮಲ್ಸೂನ್ ಇಬ್ಬರೂ ಅಕ್ಕಪಕ್ಕ ಕೂತು ತಮ್ಮ ನೆರೆತ ತಲೆಗೆ ಗುಂಗುರು ಹಾಕಿಸಿಕೊಂಡು ಬಂದಿದ್ದರು.

ಗುಮ್ಜಾ ಬಾಯಿ ತೆರೆದಳು. ಮಲ್ಸೂನ್ ಆ ಬಿಳಿಯ ಎಳೆಯನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ಏನೇ ಹಾಗೆ ಬಾಯಿ ಬಿಟ್ಕೊಂಡು ನೋಡ್ತೀಯ?" ಎಂದಳು, ಗುಮ್ಜಾಳ ಕಡೆ ತಿರುಗದೆಯೇ. "ಎಷ್ಟು ವರ್ಷ ಆಯ್ತು. ಅವರಿಗೂ ವಯಸ್ಸಾಗಲ್ವಾ?"

ಗುಮ್ಜಾ ತೆರೆದ ಬಾಯಿ ಮುಚ್ಚಿದಳು. ಕಣ್ಣು ತುಂಬಿ ಬಂತು. "ಆಗುತ್ತೆ ಕಣೇ," ಎಂದಳು. "ಆಗದೆ ಇರುತ್ತಾ? ನಮ್ಮ ಜೊತೆಯವನೇ ಅಲ್ವಾ."

ಅಜ್ಜಿ ಒಣಗಿದ ಬಿಳಿ ಬಟ್ಟೆಯೊಂದನ್ನು ಮುಂದೆ ಹಿಡಿದಳು. ಮಲ್ಸೂನ್ ಕೂದಲನ್ನು ಅದರೊಳಗಿಟ್ಟು, ಗಾಳಿಗೆ ಹಾರಿಹೋಗದಂತೆ ಎರಡೂ ಅಂಗೈಗಳನ್ನು ಮುಚ್ಚಿಕೊಂಡು ಗುಡ್ಡದ ದಾರಿ ಹಿಡಿದಳು. ದಾರಿಯುದ್ದಕ್ಕೂ ಅವಳು ಅವನ ಜೊತೆ ಏನೋ ಮಾತಾಡುತ್ತಲೇ ಇದ್ದಳು, ಹಿಂದೆ ಬರುತ್ತಿದ್ದವರು ಕೇಳಿಸಿಕೊಳ್ಳದ ಹಾಗೆ ಸ್ವಲ್ಪ ದೂರವೇ ನಡೆದರು.